ತಮ್ಮನ ಗಂಟುಗಳು

ಚಳಿ ಇನ್ನೂ ಬಾಗಿಲ ಹೊರಗೇ ನಿಂತಿದ್ದ ದಿನಗಳು, ಮಧ್ಯಾಹ್ನ ಉಂಡವರ ಕಣ್ಣು ಜೋಲುವ ಹೊತ್ತು. ಅದು ಶುರುವಾದದ್ದು ಆಗ. ಕಾಜಾ ಹೊಲಿದು ಗುಂಡಿ ಹಚ್ಚಿ ಮುಗಿಸಿದ ಕೋಟುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬಸ್ಸಿನ ಕಿಟಕಿಗೆ ಒರಗಿದ್ದಳು. ಎದುರಿನಿಂದ ಬಂದ ಲಾರಿಗೆ ದಾರಿ ಬಿಡಲೆಂದು ಬಸ್ಸು ಸೇತುವೆಯ ಮೇಲೆ ನಿಂತಿತು. ಕೆಳಗೆ ದಡದಲ್ಲಿ ಯಾರೋ ಒಬ್ಬರು, ಟೋಪಿಯಡಿ ಮುಖ ಕಾಣದವರು, ಉದ್ದನೆಯ ಕೋಲು ಹಿಡಿದು ನೀರನ್ನೇ ನೋಡುತ್ತಿದ್ದರು. ಎಂಥ ಸೋಮಾರಿ ಕೆಲಸ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಕೋಲಿನ ತುದಿ ಒಮ್ಮೆ ತಲೆದೂಗಿತು. ಮತ್ತೊಮ್ಮೆ ತೂಗಿತು. ಆಮೇಲೆ ಇಡೀ ಕೋಲೇ, ಯಾರೋ ಹಿರಿಯರನ್ನು ಕಂಡಂತೆ, ನೀರಿನ ಕಡೆ ಬಾಗಿತು. ಆ ಬಾಗು ಅವಳ ಹೊಟ್ಟೆಯೊಳಗೆ ಬಂದು ಕೂತಿತು. ಜೋಕಾಲಿ ಮೇಲಿಂದ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಏನೋ ಒಂದು ಹಿಂದೆ ಉಳಿದುಬಿಡುತ್ತದಲ್ಲ, ಅಂಥದ್ದು. ಅರವತ್ತು ದಾಟಿದ ಮೇಲೂ ಅಂಥದ್ದು ಆಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಸ್ಸು ಹೊರಟಿತು. ಮೀನು ಬಂತೋ ತಪ್ಪಿಸಿಕೊಂಡಿತೋ ಕಾಣಲಿಲ್ಲ. ಅವಳು ಸದ್ದು ಮಾಡಿ ನಕ್ಕಳು. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಸ್ವಲ್ಪ ಆಚೆ ಎಳೆದುಕೊಂಡಳು. ಮುಂದಿನ ನಿಲ್ದಾಣ ಅವಳದ್ದಲ್ಲ. ಆದರೂ ಇಳಿದಳು.

ಗಾಳದ ಸಾಮಾನಿನ ಅಂಗಡಿ ಸೇತುವೆಯ ತಲೆಯಲ್ಲೇ ಇತ್ತು. ಅದರ ಮುಂದೆ ವರ್ಷಗಟ್ಟಲೆ ಓಡಾಡಿಯೂ, ಅಲ್ಲಿ ಕೊಡೆ ಮಾರುತ್ತಾರೆಂದೇ ಅವಳು ತಿಳಿದಿದ್ದಳು. ಒಳಗೆ ಕಾಲಿಟ್ಟವಳಿಗೆ ಮೊದಲು ಆದದ್ದು ಬೆರಗಲ್ಲ, ಪರಿಚಯ. ಗಾಜಿನ ಡಬ್ಬಿಗಳಲ್ಲಿ ಸೂಜಿಗಳಿದ್ದವು, ಬಾಗಿಸಿದ ಸೂಜಿಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಉಂಡೆ ಉಂಡೆ ದಾರವಿತ್ತು, ಹೊಲಿಗೆ ದಾರದ ಹಾಗೆಯೇ ದಪ್ಪಕ್ಕೊಂದು ನಂಬರು. ಯಂತ್ರದ ಬಾಬಿನ್ನಿನ ದೊಡ್ಡಪ್ಪನಂಥ ರೀಲುಗಳಿದ್ದವು. ನೀರಲ್ಲಿ ತೇಲಿಸುವ ಕೆಂಪು ಬಿಳಿ ಬೆಂಡುಗಳು ಯಾವುದೋ ರಾಜನ ಕೋಟಿನ ಗುಂಡಿಗಳಂತೆ ಇದ್ದವು. ಹೊಲಿಗೆ ಸಾಮಾನಿನ ಅಂಗಡಿಯೊಂದಕ್ಕೆ ಹುಚ್ಚು ಹಿಡಿದು ಅದು ನೀರಿನ ಕಡೆ ಹೊರಟಂತೆ ಅವಳಿಗೆ ಅನಿಸಿತು. ಅಂಗಡಿಯವ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ. ಅವಳದೇ ವಯಸ್ಸಿನವ, ಬೆರಳುಗಳ ತುದಿಯಲ್ಲೆಲ್ಲ ಹಳೆಯ ಗೀರುಗಳು.

"ಯಾರಿಗಮ್ಮಾ?" ಎಂದ.

ಏನು ಬೇಕು ಎಂದಲ್ಲ, ಯಾರಿಗೆ ಎಂದು. ಅವಳು ಬಾಯಿ ತೆರೆದಾಗ ಒಳಗೆ ಸಿದ್ಧವಾಗಿದ್ದ ಮಾತು ಬೇರೆ, ಹೊರಗೆ ಬಂದದ್ದು ಬೇರೆ.

"ತಮ್ಮನಿಗೆ."

"ಹೊಸಬರಾ ಅವರು?"

"ತೀರಾ ಹೊಸಬ. ಇವತ್ತೇ ಆಸೆ ಹುಟ್ಟಿದ್ದು."

"ಎಷ್ಟೆತ್ತರ?"

"ನನ್ನಷ್ಟೇ."

"ಕೈ ಹೇಗೆ? ಒರಟಾ?"

"ಮೆತ್ತಗೆ. ಆದರೆ ಬೆರಳು ತುಂಬ ಚುರುಕು," ಎಂದಳು ಅವಳು, ಮತ್ತು ಕಿವಿ ಬಿಸಿಯಾಯಿತು. ತನ್ನ ಬೆರಳುಗಳನ್ನು ತಾನೇ ಹೊಗಳಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಮಧ್ಯೆ ತಮ್ಮನೊಬ್ಬ ನಿಂತಿದ್ದರಿಂದ ಅದು ಸುಲಭವಾಯಿತು.

ಅಂಗಡಿಯವ ಗೋಡೆಯಿಂದ ಒಂದು ಗಟ್ಟಿ ಕೋಲು ತೆಗೆದುಕೊಟ್ಟ. ಅವಳು ತುದಿ ಹಿಡಿದು ಬಾಗಿಸಿ ನೋಡಿದಳು. ಅದು ಬಾಗಲಿಲ್ಲ, ಮಾವನ ಮನೆಯ ಹಿರಿಯಣ್ಣನ ಹಾಗೆ ನಿಂತಿತು. "ಬಾಗೋದು ಕೊಡಿ," ಎಂದಳು. "ಹೊಸಬರೆಲ್ಲ ಗಟ್ಟಿ ಕೋಲು, ದಪ್ಪ ದಾರ, ದೊಡ್ಡ ಗಾಳ ಕೇಳ್ತಾರಮ್ಮ. ದೊಡ್ಡ ಮೀನಿನ ಕನಸು." "ಅವನು ಬಾಗೋದೇ ಬೇಕು ಅಂದ." "ಹಾಗಾದ್ರೆ ಬುದ್ಧಿವಂತ," ಎಂದು ಅಂಗಡಿಯವ ಮೂರು ತುಂಡಾಗಿ ಕಳಚುವ ತೆಳ್ಳಗಿನ ಕೋಲೊಂದನ್ನು ಕೆಳಗಿಳಿಸಿದ. ಚಿಕ್ಕ ರೀಲು, ತೆಳು ದಾರ, ಬೆರಳ ಉಗುರಿನಷ್ಟು ಗಾಳಗಳು, ಸಾಸಿವೆಗಿಂತ ತುಸು ದೊಡ್ಡ ಸೀಸದ ಗುಂಡುಗಳು, ಒಂದು ಬೆಂಡು. "ಇಷ್ಟು ಸಾಕು. ಉಳಿದದ್ದೆಲ್ಲ ಅಂಗಡಿಯವರ ಹೊಟ್ಟೆಪಾಡು," ಎಂದ. ಆಮೇಲೆ ಗಾಳವೊಂದನ್ನು ಎತ್ತಿ ಹಿಡಿದ. "ಕೋಲು ಯಾರು ಬೇಕಾದರೂ ಹಿಡೀತಾರೆ. ಮೀನು ಹಿಡಿಯೋದು ಗಂಟು. ನಿಮ್ಮ ತಮ್ಮನಿಗೆ ಹೀಗೆ ತೋರಿಸಿ." ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಅದರ ತುದಿಯನ್ನು ಅದೇ ದಾರದ ಮೇಲೆ ಐದು ಸುತ್ತು ಸುತ್ತಿ, ಕಣ್ಣಿನ ಹತ್ತಿರ ಉಳಿದ ಚಿಕ್ಕ ಕಿಂಡಿಯೊಳಗೆ ತುದಿಯನ್ನು ನುಗ್ಗಿಸಿ, ಎಂಜಲಲ್ಲಿ ಒದ್ದೆ ಮಾಡಿ ನಿಧಾನವಾಗಿ ಎಳೆದ. ಸುತ್ತುಗಳು ಒಂದರ ಪಕ್ಕ ಒಂದು ಬಂದು ಕೂತವು. ಕಾಜಾದ ಅಂಚಿನ ಹೊಲಿಗೆ ಕೂತಂತೆ. ಅವಳ ಹೆಬ್ಬೆರಳು ತಾನಾಗಿ ಅಲುಗಿತು.

ಹೊರಗೆ ಬಂದಾಗ ಬಿಸಿಲು ಹಾಗೇ ಇತ್ತು. ಕೋಲಿನ ಚೀಲ ಒಂದು ಕಂಕುಳಲ್ಲಿ, ಕೋಟುಗಳ ಚೀಲ ಇನ್ನೊಂದರಲ್ಲಿ. ಅವಳಿಗೆ ತಮ್ಮ ಇರಲಿಲ್ಲ. ಅಣ್ಣನೂ ಇರಲಿಲ್ಲ. ನಾಲ್ಕು ಹೆಣ್ಣುಮಕ್ಕಳಲ್ಲಿ ಅವಳು ಕೊನೆಯವಳು. ಅವಳ ಬೆನ್ನಿಗೆ ಒಂದು ಗಂಡು ಹುಟ್ಟುತ್ತದೆಂದು ಮನೆಯವರೆಲ್ಲ ಕಾದು ಕಾದು, ಕಾಯುವುದನ್ನು ಯಾವತ್ತು ನಿಲ್ಲಿಸಿದರೋ ಯಾರಿಗೂ ನೆನಪಿಲ್ಲ. ಮನೆಗೆ ಬಂದವರು ಮಕ್ಕಳ ಮುಖ ನೋಡುತ್ತಿದ್ದರು, ಅವಳನ್ನು ಮಾತ್ರ ತಿರುಗಿಸಿ ಬೆನ್ನು ನೋಡುತ್ತಿದ್ದರು. ಅಲ್ಲೇ ಎಲ್ಲೋ ಅವನು ಅಡಗಿದ್ದಾನೆ ಎಂಬಂತೆ. ಸ್ನಾನದ ಮನೆಯ ತುಂಡು ಕನ್ನಡಿಯಲ್ಲಿ ಕುತ್ತಿಗೆ ನೋಯುವ ತನಕ ಹೊರಳಿ ತನ್ನ ಬೆನ್ನನ್ನು ತಾನೇ ಹುಡುಕಿದ್ದಳು. ಎರಡು ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಇಷ್ಟು ವರ್ಷ ಕಳೆದ ಮೇಲೆ, ಯಾರೂ ಕರೆಯದೆ, ಸೇತುವೆಯ ಪಕ್ಕದ ಅಂಗಡಿಯಲ್ಲಿ ಅವನು ಹುಟ್ಟಿಬಿಟ್ಟ. ಅವಳಷ್ಟೇ ಎತ್ತರ. ಅವಳದೇ ಬೆರಳು. ಅಪ್ಪ ಇದ್ದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದ ಎಂದುಕೊಂಡು ಅವಳು ಬಸ್ಸಿನಲ್ಲಿ ಮತ್ತೆ ನಕ್ಕಳು, ಈ ಸಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ಮನೆಯಲ್ಲಿ ಅವಳೂ ಅಕ್ಕನೂ, ಇಬ್ಬರೇ. ಅಕ್ಕ ಟೆಲಿಫೋನ್ ಆಫೀಸಿನಲ್ಲಿ ಜೀವಮಾನವೆಲ್ಲ ಬೇರೆಯವರ ಮಾತು ಜೋಡಿಸಿಕೊಟ್ಟು ನಿವೃತ್ತಳಾದವಳು. ಕಿವಿ ಚುರುಕು, ಮಂಡಿ ಮೊಂಡು. ಕೋಲನ್ನು ಮಂಚದ ಕೆಳಗೆ ತಳ್ಳಿ, ಅವಳು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಗಂಟು ಹಾಕಲು ಕೂತಳು. ಸೂಜಿಗೆ ದಾರ ಪೋಣಿಸಿ ತೋರುಬೆರಳಿನ ಮೇಲೊಂದು ಸುತ್ತು, ಹೆಬ್ಬೆರಳಲ್ಲಿ ಒಂದು ಉಜ್ಜು, ಗಂಟು ಬಿದ್ದಾಯಿತು: ಅದು ಅವಳಿಗೆ ಗೊತ್ತಿದ್ದ ಗಂಟು, ನಿದ್ದೆಯಲ್ಲೂ ಬೀಳುವ ಗಂಟು. ಈ ದಾರ ಅದಕ್ಕೆ ಬಗ್ಗಲಿಲ್ಲ. ಹತ್ತಿ ದಾರ ಹೇಳಿದ ಮಾತು ಕೇಳುವ ಸೊಸೆ, ಇದು ಎದುರು ಮಾತಾಡುವ ಮಗಳು. ಬೆರಳು ಸಡಿಲಿಸಿದ ಕೂಡಲೇ ಚಿಮ್ಮಿ ಬಿಚ್ಚಿಕೊಂಡು ಗಾಳವನ್ನು ಎಲ್ಲಿಗೋ ಹಾರಿಸುತ್ತಿತ್ತು. ಮಂಡಿಯೂರಿ ನೆಲವೆಲ್ಲ ಕೈಯಾಡಿಸಿ ಹುಡುಕುವುದು, ಮತ್ತೆ ಸುತ್ತುವುದು, ಮತ್ತೆ ಹಾರಿಸುವುದು. ಸೋತಷ್ಟೂ ಅವಳಿಗೆ ನಗು ಬರುತ್ತಿತ್ತು. ನಲವತ್ತು ವರ್ಷ ಒಂದೇ ಒಂದು ಕಾಜಾ ತಪ್ಪು ಹೊಲಿಯದ ಕೈ ಈಗ ತಪ್ಪು ಮಾಡುತ್ತಿತ್ತು, ಯಾರಿಗೂ ಕೋಟು ಹಾಳಾಗುತ್ತಿರಲಿಲ್ಲ, ಯಾರೂ ಬೈಯುತ್ತಿರಲಿಲ್ಲ. ತಪ್ಪು ಮಾಡುವುದು ಇಷ್ಟು ಹಗುರವೆಂದು ಗೊತ್ತಿದ್ದರೆ ಮುಂಚೆಯೇ ನಾಲ್ಕು ಮಾಡಬಹುದಿತ್ತು. ಕೊನೆಗೊಂದು ಗಂಟು ಬಂದು ಕೂತಾಗ ಅವಳು ಉಳಿದ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ಅದನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತಳು.

"ಕೂಸೇ, ಒಳಗೆ ಯಾರ ಹತ್ತಿರ ನಗ್ತಿದ್ದೀಯ?" ಅಕ್ಕ ಪಡಸಾಲೆಯಿಂದ ಕೂಗಿದಳು. ಅಕ್ಕನಿಗೆ ಅವಳು ಇನ್ನೂ ಕೂಸು.

"ಯಾರೂ ಇಲ್ಲ. ಕೆಮ್ಮು."

"ನಿನ್ನ ಕೆಮ್ಮು ನನಗೆ ಗೊತ್ತಿಲ್ವಾ."

ಗಂಟು ಹಾಕಿದ ಗಾಳವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಅವಳು ಮತ್ತೆ ಅಂಗಡಿಗೆ ಹೋದಳು. ತಮ್ಮ ಕಳಿಸಿದ್ದಾನೆ, ಸರಿಯಾಗಿದೆಯಾ ನೋಡಬೇಕಂತೆ. ಅಂಗಡಿಯವ ಗಾಳವನ್ನು ಮೇಜಿನ ಮೊಳೆಗೆ ಸಿಕ್ಕಿಸಿ ದಾರ ಹಿಡಿದು ಎಳೆದ. ಗಂಟು ನಿಂತಿತು, ಇನ್ನೂ ಸ್ವಲ್ಪ ನಿಂತಿತು, ಆಮೇಲೆ ನಾಚಿದವರಂತೆ ಜಾರಿಕೊಂಡುಬಿಟ್ಟಿತು. "ಸುತ್ತು ಚೆನ್ನಾಗಿದೆ. ತುದಿಯನ್ನ ಬುಡದವರೆಗೆ ಕತ್ತರಿಸಿದ್ದಾರೆ, ಅದಕ್ಕೆ ಜಾರಿತು. ಒಂದು ಗೋಧಿ ಕಾಳಿನಷ್ಟು ಬಾಲ ಬಿಡಬೇಕು," ಎಂದ. ಕನ್ನಡಕ ಇಳಿಸಿ ತುದಿಯನ್ನು ನೋಡಿದ. "ಹಲ್ಲಲ್ಲಿ ಕಚ್ಚಿದ್ದಾರೆ. ಹಲ್ಲು ಹೋಗುತ್ತೆ ಅಂತ ಹೇಳಿ ಅವರಿಗೆ." ಅವಳು ತುಟಿ ಬಿಗಿಹಿಡಿದು ತಲೆಯಾಡಿಸಿದಳು, ಹಲ್ಲು ಕಂಡರೆ ಸಿಕ್ಕಿಬೀಳುತ್ತೇನೆಂಬಂತೆ. ಎಲ್ಲ ಬಟ್ಟೆ ಹೊಲಿಯುವವರ ಚಾಳಿ ಅದು: ತುದಿ ಬಟ್ಟೆಯ ಮೇಲೆ ಕಾಣಬಾರದು, ಬಾಲ ಉಳಿದರೆ ಕೆಲಸ ಕೊಳಕು. ಇಲ್ಲಿ ಬಾಲ ಬಿಡುವುದೇ ಕೆಲಸ. ಅವನು ಇನ್ನೊಂದು ಗಂಟು ತೋರಿಸಿದ. ದಾರವನ್ನು ಮಡಿಸಿ ಜೋಡಿ ಮಾಡಿ ಕಣ್ಣಿನಲ್ಲಿ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಆ ಕುಣಿಕೆಯೊಳಗಿಂದ ಗಾಳವನ್ನೇ ಪೂರ್ತಿ ದಾಟಿಸಿ ಎಳೆಯುವುದು. ನೋಡುತ್ತ ನೋಡುತ್ತ ಅವಳಿಗೆ ತಲೆ ಸುತ್ತಿದಂತಾಯಿತು; ಬಾಗಿಲೇ ಬಾಗಿಲಿನೊಳಗಿಂದ ದಾಟಿಹೋದ ಹಾಗೆ. ಇನ್ನೊಮ್ಮೆ ತೋರಿಸಿ ಎಂದಳು. ತಮ್ಮ ಮಂದನಲ್ಲ, ಆದರೆ ಮರೆಗುಳಿ ಎಂದು ಸೇರಿಸಿದಳು.

ಹೀಗೆ ತಮ್ಮ ಬೆಳೆದ. ಅವನಿಗೆ ಪ್ರಶ್ನೆಗಳಿದ್ದವು, ಅವುಗಳನ್ನು ಅವಳು ಬಸ್ಸಿನಲ್ಲಿ ಜೋಡಿಸಿಕೊಂಡು ಹೋಗುತ್ತಿದ್ದಳು. ಬೆಂಡು ನೀರಲ್ಲಿ ಮಲಗಿದರೆ ಗುಂಡು ಕಡಿಮೆಯಾಯಿತೆಂದೇ? ದಾರ ಸುರುಳಿ ಬಿದ್ದರೆ ಬಿಸಿನೀರಲ್ಲಿ ನೆನೆಸಬಹುದೇ? ಅಂಗಡಿಯವ ಅವನ ಪ್ರಶ್ನೆಗಳಿಗಾಗಿ ಕಾಯತೊಡಗಿದ. "ಏನಂತಾರೆ ನಿಮ್ಮ ತಮ್ಮ," ಎಂದು ಬಾಗಿಲಲ್ಲೇ ಕೇಳುವನು. ಜೋಡಿ ಗಂಟನ್ನು ಅವಳು ತಂದು ತೋರಿಸಿದ ದಿನ ಅಂಗಡಿಯವ ಎಳೆದ, ಮೇಜು ಅಲುಗಿತು, ಗಂಟು ಅಲುಗಲಿಲ್ಲ. "ಕೈ ಅಂದ್ರೆ ಇದು," ಎಂದು ಅಲ್ಲಿ ನಿಂತಿದ್ದ ಗಿರಾಕಿಗೂ ತೋರಿಸಿದ. "ಇವರ ತಮ್ಮ ಹಾಕಿದ್ದು. ವಾರದ ಹಿಂದೆ ಗಾಳ ಕಂಡಿರಲಿಲ್ಲ." ಗಿರಾಕಿ ತಲೆದೂಗಿ ಅವಳ ಭುಜದಾಚೆ ಬಾಗಿಲಿನ ಕಡೆ ನೋಡಿದ, ತಮ್ಮ ಬರುತ್ತಿದ್ದಾನೇನೋ ಎಂದು. ಅವಳು ನಕ್ಕಳು. ನಗುತ್ತಲೇ ಅಪ್ಪ ನೆನಪಾದ. ಅವನೂ ಹೀಗೆಯೇ ನೋಡುತ್ತಿದ್ದ, ಪರೀಕ್ಷೆಯಲ್ಲಿ ಮೊದಲು ಬಂದೆನೆಂದು ಅವಳು ಹೇಳುವಾಗ, ಅವಳ ಭುಜದಾಚೆ. ಹೊಗಳಿಕೆ ತನ್ನನ್ನು ಹಾದು ಹಿಂದೆ ನಿಂತವನಿಗೆ ಹೋಗುವುದು ಅವಳಿಗೆ ಹಳೆಯದು. ಹೊಸದೆಂದರೆ, ಈ ಸಲ ಅವನನ್ನು ಹಿಂದೆ ನಿಲ್ಲಿಸಿದವಳು ತಾನೇ. ಹಾಳಾದವನು, ಒಂದು ಗಂಟು ಹಾಕಿಲ್ಲ, ಒಂದು ಗಾಳ ಹುಡುಕಿಲ್ಲ, ಎಲ್ಲ ಹೆಸರು ಅವನಿಗೆ. ಇಲ್ಲದ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡುತ್ತ ಅವಳು ಮನೆಗೆ ಬಂದಳು, ದಾರಿಯಲ್ಲಿ ಅದಕ್ಕೂ ನಗು ಬಂತು.

ಹೊಲಿಗೆ ಅಂಗಡಿಯ ಕೆಲಸದಲ್ಲೂ ತಮ್ಮ ಬಿಡಲಿಲ್ಲ. ಮರುದಿನ ಕೋಟಿನ ಗುಂಡಿ ಹಚ್ಚುತ್ತ ಅವಳ ಬೆರಳುಗಳು ತಾವಾಗಿಯೇ ಐದು ಸುತ್ತು ಸುತ್ತಿ ಒಳಗೆ ನುಗ್ಗಿಸಿ ಎಳೆದುಬಿಟ್ಟಿದ್ದವು. ಅಂಗಡಿಯ ಟೈಲರ್ ಮಾಸ್ತರರು ಗುಂಡಿಯ ಜಾಗ ಬದಲಿಸಲೆಂದು ಬಿಚ್ಚಲು ಹೋಗಿ ಕತ್ತರಿಯ ತುದಿ ಮುರಿದುಕೊಂಡರು. "ಕಾಜಾದವರೇ, ಇದೇನು ಗುಂಡಿನಾ, ಹಡಗಿನ ಲಂಗರಾ?" ಎಂದರು. "ಈ ಕೋಟು ಹರಿದು ಹೋದರೂ ಗುಂಡಿ ಮಾತ್ರ ಮೊಮ್ಮಕ್ಕಳಿಗೆ ಉಳಿಯುತ್ತೆ."

ಅಕ್ಕನಿಗೆ ಗೊತ್ತಾದದ್ದು ಅದೇ ಸಂಜೆ. ಚಪ್ಪಲಿಗಾಗಿ ಮಂಚದ ಕೆಳಗೆ ಊರುಗೋಲು ಆಡಿಸಿದವಳ ಕೈಗೆ ಕೋಲಿನ ಚೀಲ ಸಿಕ್ಕಿತ್ತು. ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಳು, ನ್ಯಾಯಾಧೀಶರ ಹಾಗೆ.

"ಯಾರದು ಇದು?"

"ತಮ್ಮನದು," ಎಂದುಬಿಟ್ಟಳು ಅವಳು. ಬಾಯಿಗೆ ಅದು ಅಭ್ಯಾಸವಾಗಿಹೋಗಿತ್ತು.

ಅಕ್ಕ ಚೀಲದ ಬಾಯಿ ಬಿಚ್ಚಿ ಒಳಗೆ ಇಣುಕಿದಳು. "ಯಾರ ತಮ್ಮನದು?"

"ನಮ್ಮ ತಮ್ಮನದು."

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಸೇತುವೆ, ಬಾಗಿದ ಕೋಲು, ಅಂಗಡಿಯವನು ಕೇಳಿದ ಮೊದಲ ಪ್ರಶ್ನೆ, ಎಲ್ಲ ಹೇಳಿದಳು. ಅಕ್ಕ ಬೈಯುತ್ತಾಳೆಂದು ಕಾದಳು. ಅಕ್ಕನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಕಣ್ಣಲ್ಲಿ ನೀರು.

"ಏನು ಕೆಲಸ ಮಾಡ್ತಾನೆ ನಮ್ಮ ತಮ್ಮ?"

"ಅದನ್ನ ಅವರು ಇನ್ನೂ ಕೇಳಿಲ್ಲ."

"ಕೇಳಿದರೆ ಏನೂ ಮಾಡಲ್ಲ ಅನ್ನು. ಸಾಕೋಕೆ ಇಬ್ಬರು ಅಕ್ಕಂದಿರು ಇರುವಾಗ ಅವನಿಗೇನು ಕಷ್ಟ. ಮದುವೆ ಆಗಿದೆಯಾ?"

"ಪಾಪ, ಇಲ್ಲ."

"ಒಳ್ಳೇದಾಯ್ತು. ಅವಳ ಜೊತೆ ಬೇರೆ ಜಗಳ ಆಡಬೇಕಿತ್ತು." ಅಕ್ಕ ಕಣ್ಣೊರೆಸಿಕೊಂಡು ಕೋಲಿನ ತುದಿಯನ್ನು ಮೆಲ್ಲಗೆ ಬಾಗಿಸಿ ನೋಡಿದಳು. "ನಾವು ನಾಲ್ವರೂ ಅವನಿಗೋಸ್ಕರ ಎಷ್ಟು ಬೈಸಿಕೊಂಡಿದ್ದೀವಿ. ನಿಜವಾಗಿ ಬಂದಿದ್ದರೆ ಇನ್ನೊಂದು ತಟ್ಟೆ ತೊಳೆಯೋದು ಜಾಸ್ತಿ ಆಗ್ತಿತ್ತು, ಅಷ್ಟೇ." ಆಮೇಲೆ ಬೇರೆ ದನಿಯಲ್ಲಿ, ಲೈನಿನಲ್ಲಿ ಕದ್ದು ಕೇಳುತ್ತಿದ್ದ ದಿನಗಳ ದನಿಯಲ್ಲಿ, ಹೇಳಿದಳು: "ಆ ಅಂಗಡಿಯವನಿಗೆ ಬೇಕಾಗಿರೋದು ಆ ಕೈ. ಅದು ಯಾರದು ಅಂತ ನೀನು ಹೇಳಬೇಕು. ಅವನಾಗಿ ಕೇಳಲ್ಲ, ಕೂಸೇ. ಜನ ಕೇಳಲ್ಲ."

ಶುಕ್ರವಾರ ಅಂಗಡಿಯವ ತಾನಾಗಿ ಹೇಳಿದ. ಪ್ರತಿ ಭಾನುವಾರ ಅವನೂ ಅವನ ಕೆಲವು ಗೆಳೆಯರೂ ವ್ಯಾನಿನಲ್ಲಿ ಕೆರೆಗೆ ಹೋಗುವರು. ಒಬ್ಬ ಗೆಳೆಯನ ಸೊಂಟ ಹಿಡಿದುಕೊಂಡಿದೆ; ಒಂದು ಸೀಟು ಖಾಲಿ. "ತಮ್ಮನನ್ನ ಕಳಿಸಿ. ಈ ವಾರ ಬಿಟ್ಟರೆ ಚಳಿ ಬಿದ್ದುಬಿಡುತ್ತೆ, ಮೀನು ತಳ ಹಿಡೀತಾವೆ. ಮತ್ತೆ ಬೇಸಿಗೆಗೇ. ಬರ್ತಾರೋ ಇಲ್ವೋ ನಾಳೆ ಬಂದು ಹೇಳಿ." ಅವಳು ಸರಿ ಎಂದು ಹೊರಗೆ ಬಂದು ಸೇತುವೆಯ ಕಂಬಿ ಹಿಡಿದು ನಿಂತಳು. ಆ ಸೀಟು ತನಗೆ ಬೇಕು. ಇಷ್ಟು ನೇರವಾಗಿ ಏನನ್ನಾದರೂ ಬಯಸಿ ಎಷ್ಟು ಕಾಲವಾಯಿತೋ. ಅದರ ಜೊತೆಗೇ ಅಕ್ಕನ ಮಂಡಿ ನೆನಪಾಯಿತು. ಭಾನುವಾರ ಎಣ್ಣೆ ಹಚ್ಚಿ ತಿಕ್ಕುವ ದಿನ. ಅಮ್ಮ ಹಾಸಿಗೆ ಹಿಡಿದಾಗಲೂ ಒಂದು ದಿನ ಅವಳು ಹೊಲಿಗೆಯಲ್ಲಿ ಮೈಮರೆತು ಕೂತಿದ್ದಾಗ ಅಮ್ಮ ನೀರು ಕೇಳಿದ್ದು ಕೇಳಿಸಿರಲಿಲ್ಲ; ಅಂದಿನಿಂದ ಸಂತೋಷವಾದಾಗಲೆಲ್ಲ ಒಂದು ಕಿವಿ ಒಳಕೋಣೆಯ ಕಡೆಗೇ ಇರುತ್ತದೆ. ತಮ್ಮನಿಗೆ ಜ್ವರ ಎಂದುಬಿಡಲೇ? ಅಥವಾ ತಮ್ಮನ ಜೊತೆ ನಾನೂ ಬರಲೇ, ಬುತ್ತಿ ಹೊತ್ತುಕೊಂಡು? ಇಲ್ಲದವನ ಬುತ್ತಿ ಹೊರುವ ಅಕ್ಕ. ಕಂಬಿ ಹಿಡಿದವಳಿಗೆ ಇದಕ್ಕೂ ನಗು ತಡೆಯಲಿಲ್ಲ.

ಶನಿವಾರ ಹೋಗುವಾಗ ಜ್ವರವೆಂದೇ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದಳು. ಅಂಗಡಿಯವ ಬೆಂಕಿಪೊಟ್ಟಣ ತೆರೆದು ಹೊಸ ಗಂಟನ್ನು ಎಳೆದು ನೋಡಿ, ಸಂತೋಷಪಟ್ಟು, ದಾರ ಸಮೇತ ಗಾಳವನ್ನು ಅವಳ ಕೈಗೆ ಕೊಟ್ಟ. "ಹೇಳಿ, ತಮ್ಮ ಬರ್ತಾರಾ?" ಮಾತಿಗೆ ಕೈ ಖಾಲಿ ಬೇಕಿತ್ತು. ಹೊಲಿಗೆಯವರ ಕೈಗೆ ಸೂಜಿ ಇಡಲು ಒಂದೇ ಜಾಗ ಗೊತ್ತು. ಅವಳು ಯೋಚಿಸದೆ ಗಾಳವನ್ನು ಸ್ವೆಟರಿನ ಎದೆಗೆ ಚುಚ್ಚಿ ಬಿಟ್ಟಳು, ದಾರ ಜೋತಾಡಿತು. "ಅವನಿಗೆ," ಎಂದು ಶುರು ಮಾಡಿದವಳು ಅಂಗಡಿಯವನ ಮುಖ ನೋಡಿ ನಿಂತಳು. ಅವನು ಅವಳ ಎದೆಯನ್ನು ನೋಡುತ್ತಿದ್ದ. ಅವಳು ತೆಗೆಯಲು ಹೋದಳು. ಸೂಜಿ ಹಿಂದಕ್ಕೆ ಬರುತ್ತದೆ, ಗಾಳ ಬರುವುದಿಲ್ಲ. ತುದಿಯ ಹಿಂದೆ ತಿರುಗಿ ನಿಂತ ಮುಳ್ಳು ಉಣ್ಣೆಯನ್ನು ಹಿಡಿದುಕೊಂಡಿತ್ತು. ಎಳೆದಷ್ಟೂ ಸ್ವೆಟರು ಗುಡಾರದಂತೆ ಎದ್ದು ನಿಂತಿತು.

"ಎಳೀಬೇಡಿ," ಎಂದ ಅವನು. "ಗಾಳ ಹಿಡಿಯೋರು ಯಾರೂ ಹಾಗೆ ಚುಚ್ಚಿಕೊಳ್ಳಲ್ಲ. ಟೈಲರುಗಳು ಚುಚ್ಚಿಕೊಳ್ತಾರೆ." ಜೋತಾಡುವ ದಾರದ ತುದಿಯನ್ನು ನೋಡಿ, "ಹಲ್ಲಲ್ಲಿ ಕಚ್ಚೋರೂ ಅವರೇ," ಎಂದ.

ಅವಳು ಕೈ ಬಿಟ್ಟಳು. "ತಮ್ಮ ಬರಲ್ಲ. ನನಗೆ ತಮ್ಮ ಇಲ್ಲ. ಆ ಗಂಟೆಲ್ಲ ನನ್ನವು."

ಅವನು ನಗುತ್ತಾನೆ, ಅಥವಾ ತನಗೆ ಮೊದಲೇ ಗೊತ್ತಿತ್ತು ಎನ್ನುತ್ತಾನೆ ಎಂದುಕೊಂಡಿದ್ದಳು. ಅವನ ಮುಖ ಬಾಡಿತು. ನಿಜವಾಗಿಯೇ ಬಾಡಿತು, ಯಾರನ್ನೋ ಕಳೆದುಕೊಂಡವರಂತೆ. "ಒಳ್ಳೆಯವನಿದ್ದ," ಎಂದ. "ಅವನಿಗೆ ಅಂತ ಒಂದು ಬೆಂಡು ಕೆತ್ತಿಟ್ಟಿದ್ದೆ. ವ್ಯಾನಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ. ಈಗ ಏನಂತ ಹೇಳಲಿ?" ಅವಳಿಗೆ ಪಾಪ ಅನಿಸಿತು, ಅದರ ಕೆಳಗೆ ಕೋಪವೂ ಬಂತು, ಎದೆಯಲ್ಲಿ ಗಾಳ ತೂಗಿಸಿಕೊಂಡು ಎದುರಿಗೇ ನಿಂತಿದ್ದೇನೆ, ಇವನು ಇನ್ನೂ ನನ್ನ ಭುಜದಾಚೆ ಅವನನ್ನು ಹುಡುಕುತ್ತಾನೆ. "ದಾರ ಕೊಡಿ," ಎಂದಳು. ಅವನು ಕೊಡಲಿಲ್ಲ. ಅವಳೇ ಮೇಜಿನ ಮೇಲಿನ ಉಂಡೆಯಿಂದ ಎಳೆದುಕೊಂಡಳು, ಡಬ್ಬಿಯಿಂದ ಒಂದು ಗಾಳ ತೆಗೆದಳು. ಮೊದಲ ಸಲ ದಾರ ಕಣ್ಣು ತಪ್ಪಿತು. ಜೋಡಿ ಮಾಡಿ ತೂರಿಸಿ, ಗಂಟು ಹಾಕಿ, ಗಾಳವನ್ನು ಕುಣಿಕೆಯೊಳಗಿಂದ ದಾಟಿಸಿದಳು. ಒದ್ದೆ ಮಾಡಿ ಎಳೆದಳು. ಗಂಟು ಬಂದು ಕೂತಿತು. ಬಾಗಿಲಲ್ಲಿ ಇಬ್ಬರು ಗಿರಾಕಿಗಳು ಬಂದು ನಿಂತದ್ದು, ಅವರು ಅವಳ ಜೋತಾಡುವ ದಾರವನ್ನು ನೋಡಿ ತುಟಿ ಕಚ್ಚಿಕೊಂಡದ್ದು ಕಂಡಿತು, ಕಾಣಲಿ ಅನಿಸಿತು. ಅಂಗಡಿಯವ ಗಾಳವನ್ನು ಮೊಳೆಗೆ ಸಿಕ್ಕಿಸಿ, ದಾರವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಜೋರಾಗಿ ಎಳೆದ. ಸಿಟ್ಟಿನಲ್ಲೇ ಎಳೆದ. ದಾರ ಅವನ ಕೈಯಲ್ಲಿ ಗೆರೆ ಮೂಡಿಸಿತು. ಆಮೇಲೆ ಪಟ್ಟೆಂದು ತುಂಡಾಯಿತು, ಗಂಟಿನಲ್ಲಿ ಅಲ್ಲ, ಮಧ್ಯದಲ್ಲಿ.

ಅವನು ತುಂಡಾದ ತುದಿಯನ್ನು ನೋಡಿದ. ಆಮೇಲೆ ಅವಳ ಮುಖವನ್ನು ನೋಡಿದ, ಮೊದಲ ಸಲ ಎಂಬಂತೆ, ಭುಜದಾಚೆ ಅಲ್ಲ.

"ವ್ಯಾನು ಬೆಳಕು ಹರಿಯೋ ಮುಂಚೆ ಹೊರಡುತ್ತೆ. ತಡ ಮಾಡಿದರೆ ಕಾಯಲ್ಲ," ಎಂದ. "ಸ್ವೆಟರು ಬೆಚ್ಚಗಿರೋದು ಹಾಕ್ಕೊಂಡು ಬನ್ನಿ. ಇದು ಕತ್ತರಿಸಬೇಕಾಗುತ್ತೆ."

"ನಾನೇ ಬಿಡಿಸ್ಕೋತೀನಿ. ಅದು ನನ್ನ ಕೆಲಸ."

ಮನೆಗೆ ಬಂದಾಗ ಅಕ್ಕ ದೀಪ ಹಾಕುತ್ತಿದ್ದಳು. ಎದೆಯ ಗಾಳವನ್ನೂ ಮುಖವನ್ನೂ ಒಟ್ಟಿಗೇ ನೋಡಿದಳು. "ತಮ್ಮ ಎಲ್ಲಿ?" ಎಂದಳು.

"ಹೋದ."

"ನನಗೊಂದು ಮಾತು ಹೇಳದೆ ಹೋದನಾ? ಗಂಡಸರ ಹಣೆಬರಹವೇ ಇಷ್ಟು." ಊರುಗೋಲು ಊರಿಕೊಂಡು ಬಂದು ಅಕ್ಕ ಅವಳನ್ನು ಮೆಲ್ಲಗೆ ತಿರುಗಿಸಿದಳು, ಸ್ವೆಟರಿನ ಬೆನ್ನಿಗೆ ಅಂಟಿದ್ದ ದಾರದ ಚೂರೊಂದನ್ನು ಕಿತ್ತು ತೆಗೆದಳು. "ನಾಳೆ ಮಂಡಿ ನಾನೇ ತಿಕ್ಕೋತೀನಿ. ನೀನು ಬುತ್ತಿ ಒಬ್ಬಳಿಗೇ ಕಟ್ಟಿಕೋ."

ತಮ್ಮ ಹೊರಟುಹೋದದ್ದು ಶನಿವಾರ ಸಂಜೆ. ಅವಳು ಹೊರಟದ್ದು ಭಾನುವಾರ.